ಗಲ್ಲಾಪೆಟ್ಟಿಗೆಯ ಮೇಲಿನ ಫ್ಯಾನ್

ಊಟ ಮುಗಿಸಿ ಸೋಂಪು ಬಾಯಿಗೆ ಹಾಕಿಕೊಳ್ಳುತ್ತಿದ್ದ ಗಿರಾಕಿಗೆ ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದ ನನ್ನ ಭಾವ ತುಳುವಿನಲ್ಲಿ, "ಕುಲ್ಲುಲೆ, ಒಣಸ್ ಮಲ್ಪುಲೆ" ಎಂದರು. ಕೂತುಕೊಳ್ಳಿ, ಊಟ ಮಾಡಿ ಎಂದು.

ಗಿರಾಕಿ ಮರಾಠಿಯವನು. "ಅಣ್ಣಾ, ಜೇವಣ್ ಝಾಲಂ ಕೀ!" ಊಟ ಆಯ್ತಲ್ಲ ಎಂದು ಹೊಟ್ಟೆ ಸವರಿಕೊಂಡ. ಅವನ ಹಿಂದಿದ್ದವರು ನಕ್ಕರು. "ಅಣ್ಣಾ ಆಜ್ ಮೂಡ್ ಮೇ ಹೈ..."

ಹೋದ ಮೇ ತಿಂಗಳ ಮಾತು. ರಬಾಳೆಯ ಫ್ಯಾಕ್ಟರಿಗಳ ನಡುವೆ ಅಕ್ಕ, ಭಾವ ಸಣ್ಣದೊಂದು ಉಡುಪಿ ಹೋಟೆಲು ನಡೆಸುತ್ತಾರೆ. ಹತ್ತಿರದ ಐರೋಲಿಯ ಆಫೀಸಿನಿಂದ ನಾನು ಆಗಾಗ ಊಟಕ್ಕೆ ಅಲ್ಲಿಗೆ ಹೋಗುತ್ತೇನೆ.

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ದೇವರ ಪಟ, ಅದರ ಮುಂದೆ ಎಣ್ಣೆಯ ದೀಪ. ಬೆಳಿಗ್ಗೆ ಹಚ್ಚಿದ್ದು ಊಟದ ಹೊತ್ತು ಮುಗಿಯುವ ತನಕ ಆರಬಾರದು.

ಹಾಗಾಗಿ ಗಿರಾಕಿಗಳ ಮೇಲೆಲ್ಲ ಫ್ಯಾನು ತಿರುಗುತ್ತದೆ, ಭಾವನ ತಲೆಯ ಮೇಲಿನದು ಮಾತ್ರ ನಿಂತಿರುತ್ತದೆ. ಅವರ ಬೆನ್ನ ಹಿಂದಿನ ಗೋಡೆಯ ಆಚೆಗೇ ಅಡುಗೆಮನೆಯ ಒಲೆ.

ಬೇಸಿಗೆಯಲ್ಲಿ ಭಾವನ ಹೆಗಲ ಟವೆಲು ಹಿಂಡುವಷ್ಟು ಒದ್ದೆಯಾಗಿರುತ್ತದೆ. ಆ ದಿನ ಟವೆಲು ಒಣಗಿತ್ತು. ಅಂಗಿಯೂ ಒಣಗಿತ್ತು.

ಕೈ ಮುಟ್ಟಿದೆ. ಸುಡುತ್ತಿತ್ತು.

"ಭಾವ, ನಾನು ಯಾರು ಹೇಳಿ?"

ನನ್ನನ್ನು ತುಸು ಹೊತ್ತು ನೋಡಿದರು. "ಪಾರ್ಸೆಲ್ಲಾ?" ಎಂದರು.

ಈಗ ಯಾರೂ ನಗಲಿಲ್ಲ.

ನಾನು ಫ್ಯಾನಿನ ಸ್ವಿಚ್ ಒತ್ತಿದೆ. ದೀಪ ಆರಿತು. ಒಳಗಿನಿಂದ ಓಡಿ ಬಂದ ಅಕ್ಕ ಮೊದಲು ದೀಪವನ್ನು ನೋಡಿದಳು, ಆಮೇಲೆ ಗಂಡನನ್ನು.

ಭಾವನನ್ನು ನೆಲದ ಮೇಲೆ ಮಲಗಿಸಿ ಅಂಗಿ ಬಿಚ್ಚಿದೆವು. ಟೇಬಲ್ಲುಗಳ ಮೇಲಿದ್ದ ಜಗ್ಗುಗಳ ನೀರೆಲ್ಲ ಅವರ ಮೈಮೇಲೆ. ಜ್ಯೂಸಿಗೆಂದು ಇಟ್ಟ ಐಸು ಟವೆಲಿನಲ್ಲಿ ಸುತ್ತಿಕೊಂಡು ಕುತ್ತಿಗೆಗೆ, ಕಂಕುಳಿಗೆ...

ಅಕ್ಕ ಮಜ್ಜಿಗೆ ತಂದಳು. "ಒಂದು ಗುಟುಕು ಕುಡೀಲಿ ಮಾರಾಯ."

"ಬೇಡ ಅಕ್ಕ. ಅವರಿಗೆ ಎಚ್ಚರ ಸರಿ ಇಲ್ಲ, ಗಂಟಲಲ್ಲಿ ಸಿಕ್ಕೀತು."

ಹೊಟ್ಟೆ ಸವರಿಕೊಂಡಿದ್ದ ಗಿರಾಕಿಯೇ ತನ್ನ ಟೆಂಪೋವನ್ನು ಬಾಗಿಲಿಗೆ ತಂದ. ಆಸ್ಪತ್ರೆಯ ತನಕ ನಾವು ಬಟ್ಟೆ ಒದ್ದೆ ಮಾಡುತ್ತ, ರಟ್ಟಿನಿಂದ ಗಾಳಿ ಹಾಕುತ್ತ ಹೋದೆವು. ಅಕ್ಕನ ಕೈಯಲ್ಲಿ ಮಜ್ಜಿಗೆಯ ಲೋಟ ಹಾಗೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ಹೊಳೆಯಲಿಲ್ಲವೋ ಏನೋ.

ಬಿಸಿಲಿಗೆ ಹೋಗದವರಿಗೂ ಬಿಸಿಲಿನ ಹೊಡೆತ ಬೀಳುತ್ತದೆ, ಒಲೆಯ ಪಕ್ಕದಲ್ಲಿ ಗಾಳಿಯಿಲ್ಲದೆ ಕೂತರೆ ಸಾಕು ಎಂದರು ಡಾಕ್ಟರು. ಬೆವರು ನಿಂತು ಮಾತು ಹಳಿ ತಪ್ಪಿದರೆ ಆಸ್ಪತ್ರೆಗೆ ತರಲು ಕಾಯಬಾರದಂತೆ.

ಮರುದಿನ ಭಾವನಿಗೆ ನಾನು ಯಾರೆಂದು ಗೊತ್ತಿತ್ತು. ಮೊದಲು ಕೇಳಿದ್ದು, "ದೀಪ ಆರಿಸಿದ್ದು ಯಾರು?"

"ನಾನು."

ಅವರು ವಾರ್ಡಿನ ಫ್ಯಾನನ್ನೇ ಬಹಳ ಹೊತ್ತು ನೋಡುತ್ತ ಮಲಗಿದ್ದರು.

"ಗಾಳಿ ಲಾಯ್ಕುಂಟು," ಎಂದರು ಕೊನೆಗೆ.

ಈಗ ಆ ದೀಪಕ್ಕೆ ಅಕ್ಕ ಗಾಜಿನ ಚಿಮಣಿ ಹಾಕಿದ್ದಾಳೆ. ಫ್ಯಾನು ತಿರುಗುತ್ತದೆ, ದೀಪವೂ ಉರಿಯುತ್ತದೆ.

ಈ ಬೇಸಿಗೆಯಲ್ಲಿ ನಿಮ್ಮಲ್ಲಿ ಯಾರ ತಲೆಯ ಮೇಲಿನ ಫ್ಯಾನ್ ನಿಂತಿದೆ?