ಸುಗುಣಾ ಪಾಠ ನಿಲ್ಲಿಸಿದ ಭಾನುವಾರ

ಮರಾಠಿ ಸೀಮೆಯ ಘಣಸೋಲಿಯ ಹಳೇ ಊರಿನ ಬಾಡಿಗೆ ಹಾಲ್‌ನಲ್ಲಿ ಪ್ರತಿ ಭಾನುವಾರ ಕನ್ನಡ ಪ್ರಾರ್ಥನೆ ನಡೆಯುತ್ತದೆ. ಅಲ್ಲಿ ಹಳೆಯ ಒಡಂಬಡಿಕೆಯ ಪಾಠ ಓದುವವಳು ಸುಗುಣಾ. ರಾಯಚೂರು ಕಡೆಯವಳು, ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದಿನಾ ನಾನೂರು ಚಪಾತಿ ಲಟ್ಟಿಸುತ್ತಾಳೆ. ತಡವರಿಸದೆ ಓದಬಲ್ಲವರು ಸಭೆಯಲ್ಲಿ ಬೇರೆ ಯಾರೂ ಇಲ್ಲ.

ಅವಳ ಗಂಡ ಸಿದ್ರಾಮ ಹನ್ನೊಂದು ವರ್ಷದ ಹಿಂದೆ ಕೂಲಿಗೆ ಹೋಗಿದ್ದ ಕಟ್ಟಡವೊಂದರ ಮೂರನೇ ಮಾಳಿಗೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಬೀಳದಂತೆ ಸೊಂಟಕ್ಕೆ ಕಟ್ಟುವ ಬೆಲ್ಟು ಕೊಡದೆ ಮೇಲೆ ಹತ್ತಿಸಿದ್ದವನು ಕೂಲಿಗಳ ಮೇಸ್ತ್ರಿ, ಮುಕಾದಮ ಚನ್ನಪ್ಪ. ಅವನೇ, "ಕುಡಿದು ಬಿದ್ದಾನ" ಎಂದು ಕಂಡಕಂಡವರಿಗೆ ಹೇಳಿದ. ಬಾಯಿಗೆ ಹನಿ ಸೋಕಿಸದ ಮನುಷ್ಯನಿಗೆ ಕುಡುಕನೆಂಬ ಹೆಸರು ಅಂಟಿತು. ಸಿದ್ರಾಮ ಎದುರಾಡಲಿಲ್ಲ. ಸುಗುಣಾಳಿಗೆ ಅದೇ ತಲೆ ಕೆಡಿಸುತ್ತಿತ್ತು.

ಈಗ ಒಂದು ತಿಂಗಳಿಂದ ಅದೇ ಚನ್ನಪ್ಪ ಸಭೆಗೆ ಬರತೊಡಗಿದ್ದ. ಹಿಂದಿನ ಸಾಲಿನಲ್ಲಿ ಕೂತು ಅಳುತ್ತಿದ್ದ. ಪಾಸ್ಟರ್ ಅವನನ್ನು ತಬ್ಬಿಕೊಂಡರು, ಹೆಂಗಸರು ಕರೆದು ಊಟಕ್ಕೆ ಕೂರಿಸಿದರು. ಸುಗುಣಾ ಮನೆಗೆ ಬಂದು ಪಾತ್ರೆ ಕುಕ್ಕಿದಳು.

"ಕಡಲು ಸೀಳಿದ ದೇವರಿಗೆ ಇವನ ನಾಲಿಗಿ ಕಟ್ಟಾಕ ಆಗಲಿಲ್ಲೇನು?"

"ದೇವರು ಕರುಣಾಮಯಿ ಅದಾನ," ಎಂದ ಸಿದ್ರಾಮ.

"ಇರಲಿ. ಅದಕ್ಕೂ ಒಂದು ಹದ ಬ್ಯಾಡೇನು?"

ಮುಂದಿನ ಭಾನುವಾರ ಬಂದದ್ದು ಪ್ರವಾದಿ ಮೀಕನ ಪಾಠ. ಪಾಪವನ್ನು ಕ್ಷಮಿಸುವ ಇಂಥ ದೇವರು ಇನ್ನೆಲ್ಲಿದ್ದಾನೆ ಎಂದು ಪ್ರವಾದಿ ಬೆರಗಾಗುವ ಮಾತು. ಜನರ ಪಾಪಗಳನ್ನೆಲ್ಲ ಆತ ಸಮುದ್ರದ ಆಳಕ್ಕೆ ಎಸೆಯುತ್ತಾನಂತೆ. ಅರ್ಧ ಓದಿ ಸುಗುಣಾ ನಿಲ್ಲಿಸಿದಳು. ಸಾಲಿನ ಮೇಲೆ ಬೆರಳಿಟ್ಟು ತಲೆ ಎತ್ತಿದಳು.

"ದೇವರು ಸಮುದ್ರಕ್ಕ ಒಗೀತಾನ ಅಂತದ. ಒಗೀಲಿ. ಆದ್ರ ಒಗಿಯೂಕಿಂತ ಮೊದ್ಲು ಅದು ಏನಂತ ನಾಕು ಮಂದಿಗೆ ಗೊತ್ತಾಗ್ಲಿ. ಚನ್ನಪ್ಪಣ್ಣ, ನನ್ನ ಗಂಡ ಅವತ್ತು ಕುಡಿದಿದ್ನೇನು?"

"ಸುಗುಣಮ್ಮ, ಪಾಠ ಮುಗಿಸ್ರಿ," ಎಂದರು ಪಾಸ್ಟರ್.

"ಮುಗಿಸ್ತೀನ್ರಿ. ಅವರು ಹೇಳ್ಲಿ."

ಚನ್ನಪ್ಪ ಮುಂದಿನ ಕುರ್ಚಿ ಹಿಡಿದು ಎದ್ದ. "ಕುಡಿದಿದ್ದಿಲ್ಲಕ್ಕ. ಬೆಲ್ಟು ನಾನೇ ಕೊಟ್ಟಿದ್ದಿಲ್ಲ. ನೌಕರಿ ಹೋಗ್ತದಂತ ಸುಳ್ಳು ಹೇಳಿದೆ."

ಸುಗುಣಾ ಗಂಡನತ್ತ ನೋಡಿದಳು. ಸಿದ್ರಾಮ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಆ ಮಾತು ಅವನನ್ನೂ ಇಷ್ಟು ವರ್ಷ ಒಳಗೇ ತಿಂದಿತ್ತೆಂದು ಅವಳಿಗೆ ಆಗಲೇ ತಿಳಿದದ್ದು. ಬಿಟ್ಟಲ್ಲಿಂದ ಹಿಡಿದು, ಒಂದಕ್ಷರ ತಪ್ಪದೆ ಪಾಠ ಮುಗಿಸಿದಳು.

ಪ್ರಾರ್ಥನೆ ಮುಗಿದ ಮೇಲೆ ಸಿದ್ರಾಮ ಅವಳನ್ನು ಒಂದು ಮಾತೂ ಕೇಳದೆ ಚನ್ನಪ್ಪನನ್ನು ಮನೆಗೆ ಊಟಕ್ಕೆ ಕರೆದುಕೊಂಡು ಬಂದ. ದೇವರದೂ ಗಂಡನದೂ ಒಂದೇ ಚಾಳಿ ಎಂದುಕೊಳ್ಳುತ್ತ ಸುಗುಣಾ ತಾಟು ತಂದಿಟ್ಟಳು.

"ನಾನಿನ್ನೂ ಕ್ಷಮಿಸಿಲ್ಲ, ನೆನಪಿರಲಿ," ಎಂದಳು. "ದೇವರು ದೊಡ್ಡಾಂವ, ಅವನಿಗೆ ಲಗೂನ ಆಗ್ತದ. ನನಗ ಟೈಮ್ ಹಿಡೀತದ."

"ಹಿಡೀಲಕ್ಕ," ಎಂದ ಚನ್ನಪ್ಪ.

ಸಿದ್ರಾಮ ಇನ್ನಷ್ಟು ಸಾರು ಕೇಳಿದ. ಅವಳು ಗೊಣಗುತ್ತಲೇ ಇಬ್ಬರಿಗೂ ಬಡಿಸಿದಳು.