ಬ್ಯಾಟರಿಯನ್ನು ಶಾಂತ ಮಾಡಿದ್ದು

ಅಮೆರಿಕದ ರೆಂಟನ್ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಸಹೋದ್ಯೋಗಿ ಗಿರೀಶ್, ತಮಗೊಂದು ಮನೆ ಸಿಗುವತನಕ ಉಳಿದುಕೊಂಡಿದ್ದರು. ಅವರು ಸೇದುತ್ತಿದ್ದದ್ದು ಎಲೆಕ್ಟ್ರಾನಿಕ್ ಸಿಗರೇಟು. ಒಂದು ಭಾನುವಾರ ಮಧ್ಯಾಹ್ನ ಪೂಜೆ ಮುಗಿಸಿ ಹೊರಬಂದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸಿಗರೇಟಿನ ಬ್ಯಾಟರಿಯನ್ನು ಫೋನಿನ ಚಾರ್ಜರಿಗೆ ಸಿಕ್ಕಿಸಿ, ಸೋಫಾದ ದಿಂಬಿನ ಮೇಲೆ ಬಿಟ್ಟಿದ್ದರು. ಮನೆಯೆಲ್ಲ ಮರದ್ದು, ಮಹಡಿಯಲ್ಲಿ ಮಗಳು ಮಲಗಿದ್ದಳು.

ದೇವರ ದೀಪವನ್ನು ‘ಆರಿಸು’ ಎನ್ನಬಾರದು, ‘ಶಾಂತ ಮಾಡು’ ಎನ್ನಬೇಕು ಎಂದು ಕಲಿತ ನಾಲಿಗೆ ನನ್ನದು. ಗಾಬರಿಯಲ್ಲಿ ಅದೇ ಬಂತು.

“ಗಿರೀಶ್, ಬೇಗ ಶಾಂತ ಮಾಡ್ರೀ!”

“ನಾನು ಶಾಂತವಾಗೇ ಇದೀನಿ ಸರ್, ಕೂಗ್ತಿರೋದು ನೀವು,” ಎಂದರು, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

“ನೀವಲ್ಲಪ್ಪಾ, ಬ್ಯಾಟರಿ!”

ದಿಂಬಿನ ಬಟ್ಟೆ ಆಗಲೇ ಕಮರಿತ್ತು. ಗೋಡೆಯ ಪ್ಲಗ್ ಕಿತ್ತು, ಬ್ಯಾಟರಿಯನ್ನು ಇಕ್ಕಳದಲ್ಲಿ ಹಿಡಿದು ಹೊರಗಿನ ಸಿಮೆಂಟು ನೆಲದ ಮೇಲೆ ಹಾಕಿದೆ. ದೇವರು ದೊಡ್ಡವನು, ಅಷ್ಟಕ್ಕೇ ನಿಂತಿತು.

ಆಮೇಲೆ ಅವರು ಹೊಸ ಬ್ಯಾಟರಿಯನ್ನು ಅದರದೇ ಚಾರ್ಜರಿಗೆ ಹಾಕಿ, ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲಿಟ್ಟು, ಕೆಂಪು ಬೆಳಕು ಹಸಿರಾಗುವತನಕ ಎದುರಿಗೇ ಕೂರತೊಡಗಿದರು. ಸಿಗರೇಟು ಬಿಡಿಸಲು ನನ್ನಿಂದಾಗಲಿಲ್ಲ. ಆದರೆ ಜಪಕ್ಕೆ ಕೂತವರಲ್ಲೂ ಅಷ್ಟು ಏಕಾಗ್ರತೆಯನ್ನು ನಾನು ಕಂಡಿಲ್ಲ.