ಎಲ್ಲರ ವಾದ್ಯ ಕಾಸುವ ಮಾಗಳದ ಹುಲುಗಪ್ಪ

ಹಗರಿಬೊಮ್ಮನಹಳ್ಳಿಯ ಶಾಲಾ ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುಣಿತ ಮೇಳದ ವೇದಿಕೆಯ ಹಿಂದೆ ಜೋಳದ ದಂಟಿನ ಬೆಂಕಿ ಹಾಕಿಕೊಂಡು ಹುಲುಗಪ್ಪ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಲಗೆಯೊಂದನ್ನು ಉರಿಯ ಮೇಲೆ ತಿರುಗಿಸುತ್ತಾರೆ, ತಟ್ಟಿ ಕೇಳುತ್ತಾರೆ, ತಲೆಯಾಡಿಸಿ ಮತ್ತೆ ಉರಿಗೆ ಹಿಡಿಯುತ್ತಾರೆ. ಪಕ್ಕದಲ್ಲಿ ಡೊಳ್ಳು, ನಂದಿಕೋಲಿನವರ ಸಮಾಳ, ಮೊಹರಂನ ಅಲಾಯಿ ಕುಣಿತದವರ ತಾಸೆ, ಲಂಬಾಣಿ ತಾಂಡಾದ ನಗಾರಿ ಸರದಿಗೆ ಕಾದಿವೆ. ಒಟ್ಟು ಇಪ್ಪತ್ತಮೂರು.

"ಇಬ್ಬನಿ ಕುಡದು ಚರ್ಮ ಮೆತ್ತಗಾಗಿರತಾವ್ರಿ. ಹಂಗ ಬಡದ್ರ ನೆನದ ರಟ್ಟು ಬಡದಂಗ. ಕಾಸಿದ್ರ ಮಾತಾಡತಾವು," ಎನ್ನುತ್ತಾರೆ.

ಹಡಗಲಿ ತಾಲ್ಲೂಕಿನ ಮಾಗಳದ ಹುಲುಗಪ್ಪನವರಿಗೆ ಈಗ ಐವತ್ತೆಂಟು. ಚರ್ಮ ಹದ ಮಾಡಲು ಕಲಿತದ್ದು ತಂದೆಯಿಂದ. ನಲವತ್ತು ವರ್ಷ ಸುಣ್ಣದ ನೀರಿನಲ್ಲಿ ನೆನೆದ ಅಂಗೈಗಳಲ್ಲಿ ಗೆರೆಗಳೇ ಉಳಿದಿಲ್ಲ. ಸುತ್ತಲಿನ ಎಲ್ಲ ಜನರ ಕುಣಿತವೂ ಒಂದೇ ಕಡೆ ನಡೆಯಲೆಂದು ನಿವೃತ್ತ ಶಿಕ್ಷಕ ನಾಗೇಂದ್ರಪ್ಪ 1997ರಲ್ಲಿ ಈ ಮೇಳ ಆರಂಭಿಸಿದರು. ವಾದ್ಯ ಬಿಗಿಯಲು ಮೊದಲ ವರ್ಷದಿಂದಲೂ ಹುಲುಗಪ್ಪನವರೇ. ಆದರೆ ಅವರ ಕೇರಿಯ ಹಲಗೆ ತಂಡಕ್ಕೆ ಸಿಕ್ಕಿದ ಜಾಗ ಗೇಟು. ಅತಿಥಿಗಳನ್ನು ಬರಮಾಡಿಕೊಳ್ಳುವುದು ಅವರ ಕೆಲಸ, ವೇದಿಕೆ ಉಳಿದವರದು.

2001ರಲ್ಲಿ ಮುಖ್ಯ ಅತಿಥಿ ಬರುವುದು ಮೂರು ತಾಸು ತಡವಾಯಿತು. ಯಾವ ಗಳಿಗೆಯಲ್ಲಾದರೂ ಬರಬಹುದು, ಬಾರಿಸುವುದನ್ನು ನಿಲ್ಲಿಸಬೇಡಿ ಎಂದು ಮೇಳದ ಸಂಘಟಕರು ಗೇಟಿಗೆ ಹೇಳಿ ಕಳಿಸಿದ್ದರು. ಹುಲುಗಪ್ಪನವರ ಬಾಲ್ಯದ ಗೆಳೆಯ ಗಾದೆಪ್ಪ ಜ್ವರದಲ್ಲೇ ಹಲಗೆ ಬಾರಿಸುತ್ತಿದ್ದರು.

"ನೀರು ಕುಡದು ಬರತೀನಿ ಅಂದ. ಕಾರು ಬಂತು ಅಂತ ಯಾರೋ ಕೂಗಿದ್ರು, ಹೊಳ್ಳಿ ನಿಂತ. ಬಂದಿದ್ದು ಬ್ಯಾರೆ ಕಾರು. ಅಲ್ಲೇ ಬಿದ್ದ ನೋಡ್ರಿ," ಎನ್ನುತ್ತಾರೆ ಹುಲುಗಪ್ಪ.

ಆಸ್ಪತ್ರೆಗೆ ಒಯ್ಯುವ ಟೆಂಪೋದಲ್ಲೇ ಜೀವ ಹೋಯಿತು. ತಲೆ ಹುಲುಗಪ್ಪನವರ ತೊಡೆಯ ಮೇಲಿತ್ತು. ಮೈದಾನದಲ್ಲಿ ಕುಣಿತ ನಿಲ್ಲಲಿಲ್ಲ.

ಮರುವರ್ಷ ಹುಲುಗಪ್ಪ ಬಂದರು, ಬೆಂಕಿ ಹಚ್ಚಲಿಲ್ಲ. ಹಲಗೆಯವರು ವೇದಿಕೆ ಹತ್ತುವವರೆಗೆ ಯಾರ ವಾದ್ಯವನ್ನೂ ಮುಟ್ಟುವುದಿಲ್ಲ ಎಂದು ಕೂತುಬಿಟ್ಟರು. ಸಂಘಟಕರು ಬೈದರು, ಬೇಡಿಕೊಂಡರು. ಕೊನೆಗೆ ಡೊಳ್ಳಿನ ತಂಡದ ಯಜಮಾನ ದೊಡ್ಡಬೀರಪ್ಪ ತಮ್ಮ ಡೊಳ್ಳು ಕೆಳಗಿಟ್ಟು ಪಕ್ಕದಲ್ಲಿ ಕೂತರು. "ಅವ್ರು ಹತ್ಲಿಲ್ಲಂದ್ರ ನಾವೂ ಹತ್ತಂಗಿಲ್ಲ" ಎಂದರು. ತಾಂಡಾದ ಹೆಣ್ಣುಮಕ್ಕಳೂ ಬಂದು ಕೂತರು. ಬೆಳಿಗ್ಗೆ ಹತ್ತೂವರೆಗೆ ನಾಗೇಂದ್ರಪ್ಪ ಒಪ್ಪಿದರು.

"ಎಲ್ಲರನ್ನೂ ಕರದೀನಿ ಅಂತ ಹೆಮ್ಮಿ ಇತ್ರಿ ನನಗ," ಎನ್ನುತ್ತಾರೆ ಅವರು ಈಗ. "ಎಲ್ಲಿ ನಿಲ್ಲಿಸೀನಿ ಅಂತ ನೋಡಿದ್ದಿಲ್ಲ."

ಅದರ ಬೆಲೆ ತೆತ್ತವರು ಹುಲುಗಪ್ಪ. ವಾದ್ಯ ಬಿಗಿಯಲು ಕರೆಯುತ್ತಿದ್ದ ಊರುಗಳು, ಇವನು ಎದುರು ಮಾತಾಡುವವನು ಎಂದು ಕರೆಯುವುದನ್ನೇ ಬಿಟ್ಟವು. ಕಲ್ಲು ಕ್ವಾರಿಗೆ ಹೋದರು. ಎರಡನೇ ತಿಂಗಳಲ್ಲಿ ಬಲಗೈಯ ಎರಡು ಬೆರಳು ಜಜ್ಜಿಹೋದವು. ಈಗ ಬಾರು ಎಳೆದು ಬಿಗಿಯುವವರು ಹೆಂಡತಿ ಪಕ್ಕೀರಮ್ಮ. "ಅವರಿಗೆ ಬೆರಳಿಲ್ಲ, ನನಗ ಅದಾವು. ಮುಗೀತಲ್ರಿ," ಎಂದು ಮುಖ ತಿರುಗಿಸುತ್ತಾರೆ.

ಈ ವರ್ಷ, 2004ರಲ್ಲೂ, ಗಾದೆಪ್ಪನವರ ಹೆಸರನ್ನು ಯಾರೂ ಮೈಕಿನಲ್ಲಿ ಹೇಳಿಲ್ಲ. ಹೇಳಿಸಬೇಕೆಂಬ ಆಸೆ ಹುಲುಗಪ್ಪನವರಿಗಿದೆ. "ಮೇಷ್ಟ್ರಿಗೆ ಹೇಳೀನಿ. ನೋಡೋಣು ಅಂದಾರ. ಮುಂದಿನ ವರ್ಷಾನೂ ಕೇಳತೀನಿ."

ಮಧ್ಯಾಹ್ನ ಹಲಗೆ ತಂಡದ ಸರದಿ ಬರುತ್ತದೆ. ಸಿಕ್ಕಿರುವುದು ಹದಿನೈದು ನಿಮಿಷ. ಮುಂದೆ ಹೋಗಿ ನೋಡಬಾರದೇ ಎಂದರೆ ಹುಲುಗಪ್ಪ ಬೆಂಕಿಯ ಹತ್ತಿರದಿಂದ ಏಳುವುದಿಲ್ಲ. ಕಣ್ಣು ಮುಚ್ಚಿ ಕೇಳುತ್ತಾರೆ.

"ಒಂದು ಸಡಿಲಿದ್ರೂ ಇಲ್ಲಿಗೇ ಗೊತ್ತಾಗತೈತ್ರಿ," ಎನ್ನುತ್ತಾರೆ. "ಒಂದೂ ಇಲ್ಲ."